ಊರುಗೋಲು ಹಿಡಿದು ಒಂಟಿಯಾಗಿ ಮಲೆನಾಡಿಗೆ: ಶಿವಮೊಗ್ಗದಿಂದ ಬೇಲೂರಿನವರೆಗೆ

ಮಲೆನಾಡಿನಲ್ಲಿ ದಾರಿ ಕೇಳಿದರೆ "ಇಲ್ಲೇ ಹತ್ರ, ಒಂಚೂರು ದರೆ ಹತ್ತಿದ್ರೆ ಆಯ್ತು" ಎಂಬ ಉತ್ತರ ಸಿಗುತ್ತದೆ. ಹುಟ್ಟಿದಾಗಿನಿಂದ ಗುಡ್ಡ ಹತ್ತಿಳಿದ ಕಾಲಿಗೆ ಅದು ಸುಳ್ಳಲ್ಲ. ಮಂಡಿ ಪೂರ್ತಿ ಮಡಚಲಾಗದವರಿಗೆ, ಪಾರ್ಶ್ವವಾಯುವಿನಿಂದ ಎದ್ದು ನಡೆಯುತ್ತಿರುವವರಿಗೆ, ಪೋಲಿಯೊ ತಾಗಿದ ಕಾಲಿನವರಿಗೆ ಬೇಕಾದ ಲೆಕ್ಕ ಬೇರೆ. ಮೆಟ್ಟಿಲು ಎಷ್ಟಿವೆ, ಒಂದೊಂದು ಎಷ್ಟು ಎತ್ತರ, ಹಿಡಿಯುವ ಕಂಬಿ ಯಾವ ಬದಿಗಿದೆ, ಕಲ್ಲಿನ ಮೇಲೆ ಹಾವಸೆ ಕಟ್ಟಿದೆಯೇ, ಕಮೋಡ್ ಇದೆಯೇ? ಇಷ್ಟು ಗೊತ್ತಾದರೆ ಒಂಟಿಯಾಗಿ ಹೊರಡಬಹುದು. ಇಲ್ಲಿ ನೋಡಬೇಕಾದದ್ದರಲ್ಲಿ ಬಹುಪಾಲು ರಸ್ತೆಬದಿಯಲ್ಲೇ ಸಿಗುತ್ತದೆ. ಹತ್ತಲಾಗದವರಿಗೆ ಬೆಟ್ಟವಿಲ್ಲ ಅನ್ನುವವರು ಈ ರಸ್ತೆಗಳನ್ನು ಸರಿಯಾಗಿ ನೋಡಿಲ್ಲ.

ಇಲ್ಲಿ ಹೇಳುವ ದಾರಿ ಒಂದು ಊರುಗೋಲು ಹಿಡಿದು ಸಪಾಟು ನೆಲದಲ್ಲಿ ಇನ್ನೂರು ಮುನ್ನೂರು ಮೀಟರ್ ನಿಂತು ನಿಂತು ನಡೆಯಬಲ್ಲ, ಕಂಬಿ ಇದ್ದರೆ ಹತ್ತಿಪ್ಪತ್ತು ಮೆಟ್ಟಿಲು ಹತ್ತಬಲ್ಲವರ ಅಳತೆಯದು. ಕಾಲ ನವೆಂಬರ್ ಕೊನೆ. ರಕ್ತ ಹೀರುವ ಇಂಬಳಗಳು ಕಡಿಮೆಯಾಗಿರುತ್ತವೆ, ಹಾವಸೆ ಒಣಗಿ ಉದುರತೊಡಗಿರುತ್ತದೆ, ಗುಡ್ಡಗಳು ಮಾತ್ರ ಇನ್ನೂ ಹಸಿರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಜಾಗಗಳು ಬಹಳ ಚೆಂದ. ಆದರೆ ಊರುಗೋಲಿನ ರಬ್ಬರಿಗೂ ಕಲ್ಲಿಗೂ ನಡುವೆ ಆಗ ಸದಾ ಒಂದು ಪದರ ನೀರು ಇರುತ್ತದೆ.

ಮೊದಲ ದಿನ: ಶಿವಮೊಗ್ಗ, ಸಕ್ರೆಬೈಲು, ತೀರ್ಥಹಳ್ಳಿ

ಬೆಂಗಳೂರಿನಿಂದ ಹಿಂದಿನ ಸಂಜೆ ಹೊರಡುವ ಜನಶತಾಬ್ದಿಯ ಗುಣವೆಂದರೆ ಅದು ಶಿವಮೊಗ್ಗದಲ್ಲೇ ಕೊನೆಗೊಳ್ಳುತ್ತದೆ. ಮುಂದೆ ಹೋಗುವ ಗಾಡಿಯಾದರೆ ಎರಡು ಮೂರು ನಿಮಿಷದಲ್ಲಿ ಇಳಿಯಬೇಕು. ಇದರಲ್ಲಿ ಎಲ್ಲರೂ ಇಳಿದ ಮೇಲೆ ನಿಧಾನವಾಗಿ ಇಳಿದರಾಯಿತು. ರಾತ್ರಿ ನಿಲ್ದಾಣದ ಹತ್ತಿರವೇ ತಂಗಿ, ಬೆಳಿಗ್ಗೆ ಏಳೂವರೆಗೆ ಬಾಡಿಗೆ ಕಾರು.

ಕಾರು ಯಾವುದು ಎಂಬುದನ್ನು ಮೊದಲೇ ಹೇಳಿಡಬೇಕು. ತಗ್ಗಿನ ಸೆಡಾನ್‌ಗೆ ಕೂರುವಾಗ ಮಂಡಿ ಪೂರ್ತಿ ಬಗ್ಗುತ್ತದೆ, ಏಳುವಾಗ ಇನ್ನೂ ಕಷ್ಟ. ಎತ್ತರದ ಜೀಪಿಗೆ ಕಾಲೆತ್ತಿ ಹತ್ತಬೇಕು. ಸೊಂಟದ ಮಟ್ಟಕ್ಕೆ ಸೀಟು ಬರುವ ವ್ಯಾಗನ್‌ಆರ್, ಎರ್ಟಿಗಾದಂಥವು ಸರಿ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಮೊದಲು ಕುಂಡೆ ಊರಿ ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿಕೊಳ್ಳಬೇಕು. ಸೀಟಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಹಾಸಿದರೆ ಬಟ್ಟೆ ಜಾರಿ ತಿರುಗುವುದು ಸಲೀಸು. ಹೊರಟ ಕೂಡಲೇ ಅದನ್ನು ತೆಗೆದುಬಿಡಬೇಕು. ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಮೈ ಮುಂದಕ್ಕೆ ಜಾರುತ್ತದೆ.

ಸಕ್ರೆಬೈಲು ಆನೆ ಬಿಡಾರ ಶಿವಮೊಗ್ಗದಿಂದ ಹದಿನಾಲ್ಕು ಕಿಲೋಮೀಟರ್, ತೀರ್ಥಹಳ್ಳಿ ರಸ್ತೆಗೆ ತಾಗಿದಂತೆ. ಕಾಡಿನಿಂದ ಬಂದ ಆನೆಗಳು ತುಂಗೆಯ ಹಿನ್ನೀರಿನಲ್ಲಿ ಮೀಯುವುದು ಬೆಳಗಿನ ಹೊತ್ತು ಮಾತ್ರ, ಹನ್ನೊಂದರೊಳಗೆ ಎಲ್ಲ ಮುಗಿದಿರುತ್ತದೆ. ನೀರಿನವರೆಗಿನ ಇಳಿಜಾರು ಮಣ್ಣಿನದು. ಆನೆ ಹೆಜ್ಜೆಯ ಗುಂಡಿಗಳಲ್ಲಿ ನೀರು ನಿಂತು ಮೇಲೆ ತೆಳುವಾಗಿ ಕೆಸರು ಕಟ್ಟಿತ್ತು. ಅಂಥ ಕಡೆ ಊರುಗೋಲು ಊರಿದರೆ ಅರ್ಧ ಅಡಿ ಒಳಗೆ ಹೋಗುತ್ತದೆ. ಕೆಳಗಿಳಿಯದೆ ಮೇಲಿನ ಗಟ್ಟಿ ನೆಲದಲ್ಲೇ ನಿಂತೆ. ಮಿಂದ ಆನೆಗಳು ಅದೇ ದಾರಿಯಲ್ಲಿ ಹತ್ತಿ ಬಂದವು. ಒಬ್ಬ ಮಾವುತರು ಊರುಗೋಲು ನೋಡಿ ಅಂದರು: "ನಮ್ಮದೂ ಇಳಿಜಾರಲ್ಲಿ ಹಾಗೇನೇ. ಮೊದಲು ಸೊಂಡಿಲಲ್ಲಿ ನೆಲ ಮುಟ್ಟಿ ನೋಡ್ತದೆ, ಆಮೇಲೇ ಕಾಲು ಇಡೋದು." ಇಳಿಜಾರಿನಲ್ಲಿ ನಡೆಯುವ ವಿಧಾನವೂ ಅಷ್ಟೇ: ಕೋಲು ಮೊದಲು, ಆಮೇಲೆ ನೋವಿನ ಕಾಲು, ಕೊನೆಗೆ ಗಟ್ಟಿ ಕಾಲು. ಹತ್ತುವಾಗ ಇದರ ತಿರುವುಮುರುವು: ಗಟ್ಟಿ ಕಾಲು ಮೊದಲು ಮೇಲೆ, ಹಿಂದೆಯೇ ನೋವಿನ ಕಾಲೂ ಕೋಲೂ. ದಣಿದಾಗ ಈ ಕ್ರಮ ಮರೆತುಹೋಗುವುದುಂಟು. ಬೀಳುವುದು ಹೆಚ್ಚಾಗಿ ಅಂಥ ಹೊತ್ತಿನಲ್ಲೇ, ಅದೂ ಇಳಿಯುವಾಗ.

ಮುಂದೆ ಮಂಡಗದ್ದೆ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲದಲ್ಲಿ ಗೂಡು ಕಟ್ಟುವ ಹಕ್ಕಿಗಳು ನವೆಂಬರ್ ಕೊನೆಗೆ ಹೆಚ್ಚೂಕಡಿಮೆ ಹಾರಿಹೋಗಿರುತ್ತವೆ. ಆದರೂ ರಸ್ತೆಬದಿಯಿಂದಲೇ ಹೊಳೆ ಪೂರ್ತಿ ಕಾಣುತ್ತದೆ, ವೀಕ್ಷಣಾ ಗೋಪುರ ಹತ್ತುವ ಅಗತ್ಯವಿಲ್ಲ. ಹಕ್ಕಿಗಳನ್ನೇ ನೋಡಬೇಕೆಂದರೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬರಬೇಕು.

ತೀರ್ಥಹಳ್ಳಿಯಲ್ಲಿ ಊಟ: ಬಿಸಿ ಅನ್ನ, ಒಂದೆಲಗದ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ. ಪೇಟೆಯಿಂದ ಸ್ವಲ್ಪ ಆಚೆ, ಅಡಿಕೆ ತೋಟದ ನಡುವಿನ ಹೋಂಸ್ಟೇಯಲ್ಲಿ ರಾತ್ರಿ. ಕಾದಿರಿಸುವ ಮೊದಲು ಮನೆಯವರಿಂದ ನಾಲ್ಕು ಫೋಟೊ ತರಿಸಿಕೊಳ್ಳುವುದು ಒಳ್ಳೆಯ ಪದ್ಧತಿ: ಕಾರು ನಿಲ್ಲುವ ಜಾಗದಿಂದ ಬಾಗಿಲವರೆಗಿನ ದಾರಿ, ಬಾಗಿಲು, ಬಚ್ಚಲಿನ ನೆಲ, ಕಮೋಡ್. "ಮೆಟ್ಟಿಲು ಜಾಸ್ತಿ ಇಲ್ಲ" ಎಂಬ ಮಾತಿನಲ್ಲಿ ಏನೂ ತಿಳಿಯುವುದಿಲ್ಲ. ಮೆಟ್ಟಿಲ ಪಕ್ಕ ಒಂದು ನೀರಿನ ಬಾಟಲಿ ನಿಲ್ಲಿಸಿ ಫೋಟೊ ತೆಗೆಯಿರಿ ಅಂದರೆ ಎತ್ತರ ತಾನಾಗಿ ಕಾಣುತ್ತದೆ. ಒಂದು ಲೀಟರ್ ಬಾಟಲಿ ಹೆಚ್ಚುಕಡಿಮೆ ಒಂದು ಅಡಿ. ಬಾಟಲಿಯ ಅರ್ಧ ಮುಟ್ಟುವ ಮೆಟ್ಟಿಲು ಸಲೀಸು, ಕತ್ತಿನವರೆಗೆ ಬಂದರೆ ಕಂಬಿ ಬೇಕೇ ಬೇಕು.

ಹಳೆಯ ಮಲೆನಾಡ ಮನೆಗಳಲ್ಲಿ ಮೆಟ್ಟಿಲಿಗಿಂತ ತೊಡಕಿನದು ಬಾಗಿಲು. ಹೊಸ್ತಿಲು ಎತ್ತರ, ಮೇಲಿನ ದಾರಂದ ತಗ್ಗು. ಕಾಲೆತ್ತಬೇಕು, ಅದೇ ಕ್ಷಣಕ್ಕೆ ತಲೆ ಬಗ್ಗಿಸಬೇಕು. ಎರಡನ್ನೂ ಒಟ್ಟಿಗೆ ಮಾಡಿದರೆ ಸಮತೋಲ ತಪ್ಪುತ್ತದೆ. ಹೊಸ್ತಿಲ ಮುಂದೆ ನಿಂತು, ಕೋಲನ್ನು ಆಚೆ ಬದಿಗೆ ಊರಿ, ಬಾಗಿಲ ಪಟ್ಟಿ ಹಿಡಿದು, ಮೊದಲು ತಲೆ ಬಗ್ಗಿಸಿ ಒಂದು ಕ್ಷಣ ನಿಂತು, ಆಮೇಲೆ ಕಾಲು ದಾಟಿಸಬೇಕು. ಹೊಸ್ತಿಲ ಮೇಲೆ ಕೋಲು ಊರುವುದು ಮನೆಯವರಿಗೆ ಹಿಡಿಸದು, ಅಲ್ಲಿ ಅದು ನಿಲ್ಲುವುದೂ ಇಲ್ಲ. ಬಚ್ಚಲುಮನೆ ಇಲ್ಲಿ ಹಿಂಬದಿಗೆ, ಎರಡು ಮೆಟ್ಟಿಲು ಕೆಳಗೆ. ಹಂಡೆಯಲ್ಲಿ ಕುದಿಯುವ ನೀರು, ನುಣುಪಾದ ಗಾರೆ ನೆಲ. ಸ್ನಾನಕ್ಕೆ ಕೈಯಿರುವ ಪ್ಲಾಸ್ಟಿಕ್ ಕುರ್ಚಿ ಕೇಳಿದೆ. ಮನೆಯ ಅಮ್ಮ ಕುರ್ಚಿ ತಂದಿಟ್ಟು, ಅದರ ಕಾಲಿಗೆ ಹಳೆಯ ಗೋಣಿಯನ್ನೂ ಹಾಸಿದರು. "ನಮ್ಮ ಅತ್ತೆಗೂ ಹೀಂಗೇ ಮಾಡ್ತಿದ್ದೆ, ಜಾರೂದಿಲ್ಲ" ಅಂದರು. ಗೋಣಿ ಒದ್ದೆಯಾದಷ್ಟೂ ನೆಲಕ್ಕೆ ಕಚ್ಚುತ್ತದೆ.

ಎರಡನೇ ದಿನ: ಕುಪ್ಪಳಿ, ಆಗುಂಬೆ

ಅಂಗಳದಲ್ಲಿ ಬೆಳಗಾಗುವ ಮುಂಚೆಯೇ ಅಡಿಕೆ ಸುಲಿಯುವ ಸದ್ದು. ಕೊಯ್ಲಿನ ಕಾಲದಲ್ಲಿ ಮಲೆನಾಡಿನ ಅಂಗಳ ಪೂರ್ತಿ ಕೆಲಸದ ಜಾಗ: ಒಂದು ಕಡೆ ಸಿಪ್ಪೆಯ ರಾಶಿ, ಇನ್ನೊಂದು ಕಡೆ ಬೇಯಿಸುವ ಹಂಡೆ, ಅಟ್ಟದ ಮೇಲೆ ಒಣಗುವ ಅಡಿಕೆ. ಅಡಿಕೆ ಬೇಯಿಸಿದ ಚೊಗರು ನೀರು ಚೆಲ್ಲಿದ ನೆಲ ಜಾರುತ್ತದೆ. ಉದುರಿದ ಗೋಟಡಿಕೆಯ ಮೇಲೆ ಕೋಲು ಬಿದ್ದರೆ ಗೋಲಿಯ ಮೇಲೆ ಕಾಲಿಟ್ಟಂತೆ. ಅಂಗಳದ ಅಂಚು ಹಿಡಿದು ಜಗಲಿ ಸೇರುವುದೇ ಸರಿ. ಕೂರಲು ಜಗಲಿಯಷ್ಟು ಹದವಾದ ಜಾಗ ಬೇರಿಲ್ಲ. ಮಂಡಿ ಬಗ್ಗದವರಿಗೂ ಅದರ ಅಂಚು ತಕ್ಕ ಎತ್ತರ, ಒರಗಲು ಕಂಬವೂ ಇರುತ್ತದೆ. ಅಕ್ಕಿರೊಟ್ಟಿ, ಜೋನಿಬೆಲ್ಲ, ತುಪ್ಪ, ಮೇಲೊಂದು ಲೋಟ ಕಷಾಯ ಅಲ್ಲಿಗೇ ಬಂತು.

ಕುಪ್ಪಳಿ ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ. ಕುವೆಂಪು ಅವರ ಮನೆ ಮೂರು ಅಂತಸ್ತಿನ ತೊಟ್ಟಿಮನೆ. ಒಳಗಿನ ಮರದ ಏಣಿಮೆಟ್ಟಿಲು ಕಡಿದಾಗಿ, ಹಲಗೆಗಳು ಕಿರಿದಾಗಿ ಇವೆ. ಪಾದ ಪೂರ್ತಿ ಊರಲು ಜಾಗವಿಲ್ಲದ ಮೆಟ್ಟಿಲನ್ನು ಕಾಲಿಗೆ ಆಸರೆಯ ಪಟ್ಟಿ ಕಟ್ಟಿಕೊಂಡವರು ಹತ್ತದಿರುವುದೇ ಒಳ್ಳೆಯದು. ಕೆಳಗಿನ ಅಂಕಣಗಳನ್ನೇ ಗಮನವಿಟ್ಟು ನೋಡಿದರೆ ಒಂದು ಗಂಟೆ ಸಾಲದು: ತೊಟ್ಟಿಯ ಸುತ್ತಿನ ಕಂಬಗಳ ಕೆತ್ತನೆ, ಅಡುಗೆಮನೆಯ ಪಾತ್ರೆಪಡಗ, ಅಂದಿನ ಬೇಸಾಯದ ಸಾಮಾನು. ಒಳಗೆ ಫೋಟೊ ತೆಗೆಯುವಂತಿಲ್ಲ.

ಕವಿಶೈಲಕ್ಕೆ ಮನೆಯ ಹತ್ತಿರದಿಂದ ಕಲ್ಲು ಹಾಸಿನ ಕಾಲುದಾರಿಯೊಂದಿದೆ. ಅದನ್ನು ಬಿಟ್ಟು ಕಾರಿನ ರಸ್ತೆ ಹಿಡಿಯಬೇಕು. ಹತ್ತಿರದವರೆಗೆ ಕಾರು ಹೋಗುತ್ತದೆ, ಉಳಿದದ್ದು ಸ್ವಲ್ಪವೇ ನಡಿಗೆ. ಕಲಾವಿದ ಕೆ.ಟಿ. ಶಿವಪ್ರಸಾದ್ ರೂಪಿಸಿದ ಕಲ್ಲಿನ ಚೌಕಟ್ಟುಗಳ ನಡುವೆ ಕವಿಯ ಸಮಾಧಿ, ಆಚೆ ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಕೆತ್ತಿದ ಹೆಸರಿನ ಅಕ್ಷರಗಳು. ಬಂಡೆ ಒರಟು, ಒಣಗಿದ್ದಾಗ ರಬ್ಬರು ಚೆನ್ನಾಗಿ ಹಿಡಿಯುತ್ತದೆ. ಆದರೆ ಬಂಡೆ ಎಲ್ಲ ಕಡೆಗೂ ಓರೆ. ಓರೆ ನೆಲದಲ್ಲಿ ಕೋಲು ಸದಾ ತಗ್ಗಿನ ಬದಿಯ ಕೈಯಲ್ಲಿರಬೇಕು. ಎತ್ತರದ ಬದಿಗೆ ಹಿಡಿದರೆ ಅದು ಮೈಯನ್ನೇ ತಗ್ಗಿಗೆ ದೂಡುತ್ತದೆ. ಪಡುವಣಕ್ಕೆ ಸಾಲುಸಾಲು ಬೆಟ್ಟ, ನಡುವೆ ಮಂಜು ಇನ್ನೂ ಕರಗಿರಲಿಲ್ಲ. ಸಂಜೆ ಇನ್ನೂ ಚೆಂದವೆಂದು ಎಲ್ಲರೂ ಹೇಳುತ್ತಾರೆ. ಸಂಜೆ ಅಲ್ಲಿದ್ದರೆ ಕತ್ತಲಲ್ಲಿ ಇಳಿಯಬೇಕಾಗುತ್ತದೆ, ಅದಕ್ಕೇ ಬೆಳಗಿನ ಹೊತ್ತು.

ಆಗುಂಬೆ ತಲುಪಿದ್ದು ಮೂರರ ಸುಮಾರಿಗೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಊರು ಇದು. ನವೆಂಬರ್‌ನಲ್ಲೂ ನಂಬುವಂತಿಲ್ಲ. ನಾಲ್ಕು ಗಂಟೆಗೆ ಮೋಡ ಕವಿದು ಅರ್ಧ ಗಂಟೆ ಜಡಿಯಿತು. ಮಳೆ ನಿಂತ ಮೇಲೆ ತಂಗುವ ಮನೆಯ ಮುಂದಿನ ಜಂಬಿಟ್ಟಿಗೆ ಮೆಟ್ಟಿಲಲ್ಲಿ ಊರುಗೋಲು ಜಾರಿತು. ಪಕ್ಕದ ಗೋಡೆ ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ. ಕೋಲಿನ ತುದಿ ನೋಡಿದರೆ ರಬ್ಬರಿನ ಗೆರೆಗಳೆಲ್ಲ ಒಂದು ಬದಿಗೆ ಸವೆದು ನುಣ್ಣಗಾಗಿದ್ದವು. ಗುಡ್ಡದ ನೆಲದಲ್ಲಿ ಕೋಲು ಓರೆಯಾಗಿ ಊರುವುದೇ ಹೆಚ್ಚು, ಹಾಗಾಗಿ ರಬ್ಬರು ಊರಿನಲ್ಲಿ ಸವೆಯುವುದಕ್ಕಿಂತ ಬೇಗ, ಅದೂ ಒಂದೇ ಬದಿಗೆ ಸವೆಯುತ್ತದೆ. ಗೆರೆ ಇಲ್ಲದ ರಬ್ಬರಿಗೆ ನೀರನ್ನು ಆಚೆ ತಳ್ಳಲಾಗದು. ಎರಡು ಬಿಡಿ ರಬ್ಬರು ಜೊತೆಗಿರಲೇಬೇಕು, ಅಳತೆ ನೋಡಿ ಕೊಂಡವು. ಕೊಳವೆಯ ದಪ್ಪ 19 ಮಿಲಿಮೀಟರೋ 22 ಮಿಲಿಮೀಟರೋ ಎಂಬುದು ಕೋಲಿನಿಂದ ಕೋಲಿಗೆ ಬೇರೆ. ಹಳೆಯದು ಬಿಗಿಯಾಗಿ ಕೂತು ಬಾರದಿದ್ದರೆ ಬಿಸಿನೀರಲ್ಲಿ ಎರಡು ನಿಮಿಷ ಅದ್ದಿ ತಿರುಚಿ ಎಳೆದರೆ ಬರುತ್ತದೆ. ಹೊಸದನ್ನು ಒಳಗೆ ಎಣ್ಣೆ ಸವರಿ ಹಾಕಬಾರದು, ಆಮೇಲೆ ನಡೆಯುವಾಗ ಕಳಚುತ್ತದೆ. ಒಳಬದಿಗೆ ಒಂದೆರಡು ಹನಿ ನೀರು ಸಾಕು.

ಮಳೆಯಲ್ಲಿ ಕೊಡೆ ಉಪಯೋಗವಿಲ್ಲ. ಒಂದು ಕೈಗೆ ಕೋಲು, ಇನ್ನೊಂದು ಕಂಬಿಗೆ. ಮಲೆನಾಡಿನವರು ಗದ್ದೆ ಕೆಲಸಕ್ಕೆ ತಲೆ, ಬೆನ್ನು ಮುಚ್ಚುವ ಗೊರಬು, ಕಂಬಳಿಕೊಪ್ಪೆ ಹಾಕುತ್ತಿದ್ದದ್ದು ಎರಡೂ ಕೈ ಖಾಲಿ ಇರಲಿ ಎಂದೇ. ಟೊಪ್ಪಿ ಇರುವ, ಮಂಡಿಯವರೆಗೆ ಬರುವ ರೇನ್‌ಕೋಟ್ ಒಳ್ಳೆಯದು. ಅದಕ್ಕಿಂತ ಉದ್ದವಾದರೆ ಮೆಟ್ಟಿಲು ಹತ್ತುವಾಗ ಅಂಚು ಕಾಲಿಗೆ ಸಿಕ್ಕುತ್ತದೆ. ಸಾಮಾನು ಬೆನ್ನಚೀಲದಲ್ಲಿ, ಐದು ಕಿಲೋ ಮೀರದಂತೆ, ಸೊಂಟಕ್ಕೆ ಪಟ್ಟಿ ಬಿಗಿದು. ಚಕ್ರದ ಪೆಟ್ಟಿಗೆ ಜಂಬಿಟ್ಟಿಗೆಯ ದಾರಿಯಲ್ಲಿ ಉರುಳುವುದೇ ಇಲ್ಲ.

ಮೂರನೇ ದಿನ: ಘಾಟಿ, ಶೃಂಗೇರಿ

ಹಿಂದಿನ ಸಂಜೆ ಸೂರ್ಯಾಸ್ತ ಕಾಣಲಿಲ್ಲ, ಬೆಳಿಗ್ಗೆ ಘಾಟಿಯೇ ಕಂಡಿತು. ಆಗುಂಬೆಯಿಂದ ಸೋಮೇಶ್ವರಕ್ಕೆ ಹದಿನಾಲ್ಕು ಹೇರ್‌ಪಿನ್ ತಿರುವು. ಭಾರೀ ವಾಹನಗಳಿಗೆ ಇಲ್ಲಿ ಅವಕಾಶವಿಲ್ಲ, ಓಡಾಡುವುದು ಮಿನಿ ಬಸ್ಸು. ಸೂರ್ಯಾಸ್ತದ ಜಾಗ ರಸ್ತೆಗೇ ತಾಗಿದೆ. ಕಟ್ಟೆ ಹತ್ತಲಾಗದಿದ್ದರೂ ತಡೆಗೋಡೆಯ ಪಕ್ಕ ನಿಂತರೆ ಕೆಳಗಿನ ಕಾಡೆಲ್ಲ ಕಾಣುತ್ತದೆ. ಆಕಾಶ ತಿಳಿಯಾಗಿದ್ದರೆ ಕರಾವಳಿಯ ಬಯಲೂ ಕಂಡೀತು. ಮಂಗಗಳ ಕಾಟವಿದೆ. ಕೈಯಲ್ಲಿ ತಿಂಡಿಯ ಪೊಟ್ಟಣ ಹಿಡಿದು ಇಳಿಯಬಾರದು, ಕಸಿಯುವಾಗ ಎಳೆದಾಡಿದರೆ ಆಯ ತಪ್ಪುತ್ತದೆ.

ಘಾಟಿಯಲ್ಲಿ ಕಾರು ಎಲ್ಲಿ ನಿಲ್ಲಿಸಬೇಕೆಂದು ಚಾಲಕರಿಗೆ ಮೊದಲೇ ಹೇಳಬೇಕು. ಟಾರಿನ ಅಂಚಿನಿಂದ ಪಕ್ಕದ ಮಣ್ಣಿಗೆ ಅರ್ಧ ಅಡಿ ತಗ್ಗು ಇರುವುದು ಮಾಮೂಲು. ಕಾರು ಅರ್ಧ ಟಾರಿನ ಮೇಲೆ, ಅರ್ಧ ಮಣ್ಣಿಗೆ ಇಳಿದು ನಿಂತರೆ ಎಡಬಾಗಿಲು ಚರಂಡಿಯ ಮೇಲೆ ತೆರೆದುಕೊಳ್ಳುತ್ತದೆ, ಇಳಿಯುವವರ ಭಾರವೆಲ್ಲ ಆ ಕಡೆಗೇ. ತಿರುವಿನಲ್ಲಿ ನಿಲ್ಲಿಸಲೇಬಾರದು. ತಿರುವು ದಾಟಿದ ಮೇಲೆ ರಸ್ತೆ ಅಗಲವಾಗಿ ಸಪಾಟಾದಲ್ಲಿ, ನಾಲ್ಕೂ ಚಕ್ರ ಒಂದೇ ಮಟ್ಟದಲ್ಲಿ ನಿಲ್ಲಬೇಕು. ನಮ್ಮ ಚಾಲಕರು ಒಂದು ಸಲ ಕೇಳಿದ್ದೇ ಆಮೇಲೆ ತಾವೇ ಜಾಗ ಹುಡುಕತೊಡಗಿದರು. "ಇಲ್ಲಿ ಬೇಡ, ಮುಂದೆ ಒಂದು ಒಳ್ಳೆ ಸಪಾಟು ಉಂಟು" ಎನ್ನುತ್ತಾ ಮೂರು ನಾಲ್ಕು ಕಡೆ ನಿಲ್ಲಿಸಿದರು. ಯಾವ ಪ್ರವಾಸಿ ತಾಣದ ಪಟ್ಟಿಯಲ್ಲೂ ಇಲ್ಲದ ಆ ಜಾಗಗಳೇ ಇಡೀ ಪ್ರವಾಸದ ಅತ್ಯುತ್ತಮ ನೋಟಗಳು.

ಆಗುಂಬೆಯ ಸುತ್ತ ಮೊಬೈಲ್ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಒಂಟಿಯಾಗಿ ಹೋಗುವವರು ಅಂದಿನ ದಾರಿ, ತಲುಪುವ ಹೊತ್ತು ಎರಡನ್ನೂ ಬೆಳಿಗ್ಗೆಯೇ ಬಿಟ್ಟ ಮನೆಯವರಿಗೂ ಸೇರುವ ಮನೆಯವರಿಗೂ ತಿಳಿಸಿಡಬೇಕು. ನಕ್ಷೆ ಫೋನಿಗೆ ಇಳಿಸಿಟ್ಟಿರಬೇಕು. ದೊಡ್ಡ ಆಸ್ಪತ್ರೆ ಬೇಕಾದರೆ ಘಾಟಿ ಇಳಿದು ಮಣಿಪಾಲ.

ಶೃಂಗೇರಿಗೆ ಇಲ್ಲಿಂದ ಒಂದು ಗಂಟೆಯೊಳಗಿನ ದಾರಿ. ದೇವಸ್ಥಾನಗಳಲ್ಲಿ ಮೊದಲ ತೊಡಕು ಚಪ್ಪಲಿಯದು. ಪಾದ ಜೋಲುವುದನ್ನು ತಡೆಯುವ ಪಟ್ಟಿ ಶೂ ಒಳಗೇ ಕೂರುತ್ತದೆ. ಶೂ ಬಿಟ್ಟರೆ ಪಟ್ಟಿಯೂ ಇಲ್ಲ, ಕಾಲಿಗೆ ಹಿಡಿತವೂ ಇಲ್ಲ. ಅಡಿಭಾಗದಲ್ಲಿ ರಬ್ಬರ್ ಚುಕ್ಕಿಯಿರುವ ದಪ್ಪ ಕಾಲುಚೀಲ ಇದಕ್ಕೆ ಪರಿಹಾರ. ಪಟ್ಟಿಯ ಮೇಲೇ ಅದನ್ನು ಎಳೆದು ಹಾಕಿದರೆ ಪಟ್ಟಿಯೂ ಉಳಿಯುತ್ತದೆ, ಕಲ್ಲಿನಲ್ಲಿ ಜಾರುವುದೂ ಇಲ್ಲ. ಊರುಗೋಲಿನ ತುದಿಗೆ ಹೊಸ ರಬ್ಬರು ಹಾಕಿಕೊಂಡು, ಬಾಗಿಲಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ ತೋರಿಸಿದರೆ ಸಾಮಾನ್ಯವಾಗಿ ಯಾರೂ ಅಡ್ಡಿ ಮಾಡುವುದಿಲ್ಲ. ಕೋಲು ಬಿಟ್ಟು ಬನ್ನಿ ಅಂದರೆ "ಇದು ನನ್ನ ಕಾಲು" ಎಂದು ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಬೇಕು.

1338ರದ್ದೆಂದು ಹೇಳುವ ವಿದ್ಯಾಶಂಕರ ದೇಗುಲ ಜಗತಿಯ, ಅಂದರೆ ಎತ್ತರದ ಕಲ್ಲುಕಟ್ಟೆಯ ಮೇಲಿದೆ. ಹನ್ನೆರಡು ರಾಶಿಕಂಬಗಳು ಒಳಗಿವೆ, ಅವನ್ನು ನೋಡಲು ಮೆಟ್ಟಿಲು ಹತ್ತಲೇಬೇಕು. ಹತ್ತಲಾಗದವರು ಬೇಸರಪಡಬೇಕಿಲ್ಲ. ಹೊರಗೋಡೆಯ ಶಿಲ್ಪಗಳು, ಮೂಲೆಗಳಲ್ಲಿ ತೂಗುವ ಕಲ್ಲಿನ ಬಳೆಗಳು ಅಂಗಳದಿಂದಲೇ ಕಾಣುತ್ತವೆ, ಅಂಗಳವೂ ಸಪಾಟು. ಬೆಳಗಿನ ಹತ್ತು ಗಂಟೆಯ ಮೇಲೆ ಕಲ್ಲು ಕಾಯತೊಡಗುತ್ತದೆ. ಕಾಲಲ್ಲಿ ಸ್ಪರ್ಶಜ್ಞಾನ ಕಡಿಮೆಯಿರುವವರಿಗೆ ಸುಟ್ಟದ್ದು ಗೊತ್ತಾಗುವುದಿಲ್ಲ, ಕಾಲುಚೀಲ ಬಿಚ್ಚಬಾರದು. ತುಂಗೆಯ ಮೀನುಗಳನ್ನು ನೋಡಲು ಸ್ನಾನಘಟ್ಟದ ಮೆಟ್ಟಿಲೆಲ್ಲ ಇಳಿಯುತ್ತಾರೆ. ಕೆಳಗಿನವು ಸದಾ ಒದ್ದೆ. ಮೇಲಿನ ಮೆಟ್ಟಿಲಿಂದಲೂ ಸೇತುವೆಯ ಮೇಲಿಂದಲೂ ಆ ಕಪ್ಪು ಬೆನ್ನುಗಳ ರಾಶಿ ಚೆನ್ನಾಗಿ ಕಾಣುತ್ತದೆ. ಊಟದ ಪಂಕ್ತಿಗೆ ಹೋಗುವ ಮೊದಲೇ ನೆಲಕ್ಕೆ ಕೂರಲಾಗದು ಎಂದು ಬಡಿಸುವವರಿಗೆ ಹೇಳಬೇಕು. ಸಾಲು ಕೂತ ಮೇಲೆ ಜಾಗ ಬದಲಿಸುವುದು ಕಷ್ಟ.

ಮಧ್ಯಾಹ್ನ ಸಿರಿಮನೆ ಜಲಪಾತದ ಕಡೆ ಹೋಗುವ ಆಸೆಯಿತ್ತು. ಅಲ್ಲಿ ಕಾರು ನಿಲ್ಲುವ ಜಾಗದಿಂದ ಕೆಳಗಿಳಿಯುವ ಮೆಟ್ಟಿಲು. ಇಳಿದದ್ದನ್ನೆಲ್ಲ ಸುಸ್ತಾದ ಮೇಲೆ ಹತ್ತಬೇಕು. ಬೆಟ್ಟ ಅರ್ಧ ಹತ್ತಿ ಸಾಕೆನಿಸಿದರೆ ಇಳಿದು ಬರಬಹುದು, ಜಲಪಾತದ ತಳದಲ್ಲಿ ಸಾಕೆನಿಸಿದರೆ ದಾರಿಯಿಲ್ಲ. ಹಾಗಾಗಿ ಜಲಪಾತ ಬಿಟ್ಟು ಕಿಗ್ಗದವರೆಗಿನ ಗದ್ದೆ ಬಯಲಿನ ರಸ್ತೆಯಲ್ಲಿ ಸುತ್ತಾಡಿದ್ದಾಯಿತು.

ನಾಲ್ಕನೇ ದಿನ: ಬಾಳೆಹೊನ್ನೂರಿನ ದಾರಿ

ಜಯಪುರ, ಬಾಳೆಹೊನ್ನೂರು, ಆಲ್ದೂರು ಮೂಲಕ ಚಿಕ್ಕಮಗಳೂರಿಗೆ. ಅಡಿಕೆ ಹಿಂದೆ ಸರಿದು ಕಾಫಿ ತೋಟ ಶುರುವಾಗುವ ದಾರಿ. ಜಯಪುರದ ಚಹಾ ಅಂಗಡಿಯಲ್ಲಿ ಒಬ್ಬ ಹಿರಿಯರು ಬಸ್ಸಿನ ವಿಷಯ ತೆಗೆದರು. ಕೊಪ್ಪದ ಸಹಕಾರ ಸಾರಿಗೆ, 1991ರಲ್ಲಿ ನೌಕರರೇ ಸೇರಿ ಕಟ್ಟಿದ ಸಂಸ್ಥೆ, 2020ರಲ್ಲಿ ನಿಂತುಹೋಯಿತು. "ಆ ಬಸ್ಸಿನವ್ರಿಗೆ ನಮ್ಮ ಮುಖ ಗೊತ್ತಿತ್ತು ಮಾರಾಯ್ರೆ. ಮಂಡಿ ನೋವಿನೋರು ಕೈ ಅಡ್ಡ ಮಾಡಿದ್ರೆ ಕಟ್ಟೆ ಪಕ್ಕಕ್ಕೇ ತಂದು ನಿಲ್ಲಿಸ್ತಿದ್ರು, ಹತ್ತಾಕೆ ಸುಲಭ ಆಗ್ಲಿ ಅಂತ." ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಒಂದೂಕಾಲು ಅಡಿಗೂ ಹೆಚ್ಚು. ಅರ್ಧ ಅಡಿ ಕಟ್ಟೆಯ ಪಕ್ಕ ನಿಂತರೆ ಅಷ್ಟು ಉಳಿಯಿತು. ಈ ದಾರಿಯಲ್ಲಿ ಬಸ್ಸನ್ನೇ ನೆಚ್ಚುವವರು ಊರ ನಡುವಿನ ಕೈಕಂಬದ (ರಸ್ತೆ ಕವಲೊಡೆಯುವ ಜಾಗ) ಬದಲು ಬಸ್ ನಿಲ್ದಾಣದಲ್ಲೇ ಹತ್ತಬೇಕು. ಅಲ್ಲಿ ಬಸ್ಸು ಹೊರಡುವ ಮುಂಚೆ ನಿಂತಿರುತ್ತದೆ, ನಿಧಾನಕ್ಕೆ ಹತ್ತಬಹುದು, ಕಂಡಕ್ಟರಿಗೆ ಇಳಿಯುವ ಜಾಗವನ್ನೂ ಹೇಳಬಹುದು.

ಬಾಳೆಹೊನ್ನೂರಿನಲ್ಲಿ ಭದ್ರೆ ದಾಟಿದರೆ ಕಾಫಿ ನಾಡೇ. ಮೈಸೂರು ಸಂಸ್ಥಾನ 1925ರಲ್ಲಿ ಆರಂಭಿಸಿದ ಕಾಫಿ ಸಂಶೋಧನಾ ಕೇಂದ್ರ ಇಲ್ಲೇ ಹತ್ತಿರದ್ದು. ಅರೇಬಿಕಾ ಹಣ್ಣು ಕೊಯ್ಯುವ ಕಾಲ. ತೋಟದ ಗೇಟಿನ ಬಳಿ ಕೊಯ್ಲು ತೂಗಿಸುತ್ತಿದ್ದ ಹೆಂಗಸರು ಒಳಗೆ ಬನ್ನಿ ಎಂದು ಕರೆದರು. ಗೇಟು ಮುಚ್ಚಿತ್ತು, ಪಕ್ಕದಲ್ಲಿ ದನ ನುಗ್ಗದಂತೆ ಗಳು ಅಡ್ಡ ಹಾಕಿದ ದಣಪೆ. ಅಡ್ಡಗಳು ಮಂಡಿಯೆತ್ತರಕ್ಕಿರುವ ದಣಪೆಯನ್ನು ಕಾಲೆತ್ತಿ ದಾಟುವುದು ಆಗದ ಮಾತು. ಆದರೆ ಅಡ್ಡಗಳನ್ನು ಪಕ್ಕಕ್ಕೆ ಸರಿಸಬಹುದು. ಒಬ್ಬಾಕೆ ಎರಡನ್ನು ಎಳೆದಿಟ್ಟರು. "ದನಕ್ಕೇ ತೆಗೀತೀವಂತೆ, ನಿಮಗೆ ತೆಗಿಯಾಕಿಲ್ವಾ?" ಎಂದು ಎಲ್ಲರೂ ನಕ್ಕರು. ಕೇಳಿದರೆ ತೆರೆಯುವ ದಾರಿಗಳು ಮಲೆನಾಡಿನಲ್ಲಿ ಬಹಳ. ಹಳ್ಳ ದಾಟುವ ಸಂಕ ಮಾತ್ರ ಬೇಡವೇ ಬೇಡ. ಒಂದೇ ಮರದ ದಿಮ್ಮಿ, ಒಂದೇ ಕಡೆ ಕೈಹಿಡಿ.

ಐದನೇ ದಿನ: ಗಿರಿಯ ರಸ್ತೆ, ಹಿರೇಕೊಳಲೆ

ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ, ಸುಮಾರು 1,930 ಮೀಟರ್. ಕಾರು ನಿಲ್ಲುವಲ್ಲಿಂದ ದೇವಸ್ಥಾನಕ್ಕೆ ನಾನೂರೈನೂರು ಮೆಟ್ಟಿಲು, ಗಾಳಿಯಂತೂ ಎದುರಿಗೇ. ಇದನ್ನು ಹತ್ತುವ ಯೋಚನೆ ಬಿಟ್ಟು ಸೀತಾಳಯ್ಯನಗಿರಿಯನ್ನೇ ಕೊನೆಯೆಂದು ಇಟ್ಟುಕೊಂಡರೆ ದಿನ ಸುಖವಾಗಿರುತ್ತದೆ. ಅಲ್ಲಿ ದೇವಸ್ಥಾನ ವಾಹನ ನಿಲ್ಲುವ ಜಾಗದ ಹತ್ತಿರವೇ ಇದೆ, ರಸ್ತೆಯಂಚಿನಿಂದ ಎರಡೂ ಬದಿಯ ಕಣಿವೆ ಕಾಣುತ್ತದೆ. ವಾರದ ನಡುವಿನ ದಿನ, ಬೆಳಿಗ್ಗೆ ಎಂಟರೊಳಗೆ ಹೋಗಬೇಕು. ಶನಿವಾರ ಭಾನುವಾರ ಕಿರಿದಾದ ರಸ್ತೆ ಕಟ್ಟಿಕೊಂಡು ಕಾರನ್ನು ಎಲ್ಲೋ ನಿಲ್ಲಿಸಿ ನಡೆಯಬೇಕಾಗುತ್ತದೆ, ಇಲ್ಲವೇ ಜೀಪು ಹಿಡಿಯಬೇಕು. ಜೀಪಾದರೆ ಮುಂದಿನ ಸೀಟು ಸಿಗುವಂತಿದ್ದರೆ ಮಾತ್ರ. ಹಿಂದಿನ ಅಡ್ಡ ಸೀಟಿನಲ್ಲಿ ಮಂಡಿ ಚಾಚಲು ಜಾಗವಿಲ್ಲ, ತಿರುವಿನಲ್ಲಿ ಹಿಡಿಯಲು ಎರಡೂ ಕೈ ಬೇಕು. ವಾಹನಗಳ ಮೇಲಿನ ನಿರ್ಬಂಧ ಆಗಾಗ ಬದಲಾಗುತ್ತದೆ, ಹಿಂದಿನ ದಿನ ಕೇಳಿಕೊಳ್ಳಬೇಕು.

ಗಾಳಿಯ ಬಗ್ಗೆ ಯಾರೂ ಹೇಳುವುದಿಲ್ಲ. ಗಿರಿಯ ಮೇಲೆ ಒಮ್ಮೆಲೇ ಬೀಸುವ ಗಾಳಿಗೆ ಸಡಿಲ ಜಾಕೆಟ್ ಹಾಯಿಯಂತೆ ಉಬ್ಬಿ ಮೈಯನ್ನೇ ತಿರುಗಿಸುತ್ತದೆ. ಗುಂಡಿ ಹಾಕಿಕೊಳ್ಳಬೇಕು, ಗಾಳಿ ಬರುವ ಕಡೆಗೆ ಕೋಲು ಊರಿ, ಕಾಲು ಅಗಲಿಸಿ, ಕಾರಿಗೆ ಒರಗಿ ನಿಂತು ನೋಡಬೇಕು. ಕಾರಿನ ಬಾಗಿಲನ್ನು ಗಾಳಿಗೆ ಬಿಡಬಾರದು. ಇಳಿಯುವಾಗ ಅದು ಕಾಲಿನ ಮೇಲೆ ಬಡಿಯುತ್ತದೆ. ನಮ್ಮ ಚಾಲಕರು ಬಾಗಿಲು ಹಿಡಿದೇ ನಿಂತಿದ್ದರು.

ಬಾಬಾಬುಡನ್‌ಗಿರಿಯ ರಸ್ತೆ ಮುಂದಕ್ಕೆ ಶೋಲಾ ಕಾಡು (ಕಣಿವೆಗಳಲ್ಲಿ ಬೆಳೆಯುವ ಗಿಡ್ಡ ಮರಗಳ ಕಾಡು), ಹುಲ್ಲುಗಾವಲುಗಳ ಅಂಚಿನಲ್ಲಿ ಸಾಗುತ್ತದೆ. ಹೊನ್ನಮ್ಮನ ಹಳ್ಳದ ಜಲಪಾತ ಈ ದಾರಿಯಲ್ಲಿ ರಸ್ತೆಬದಿಯಲ್ಲೇ ಬೀಳುತ್ತದೆ. ಕಾರಿನ ಕಿಟಕಿಯಿಂದಲೂ ನೋಡಬಹುದು, ನಾಲ್ಕು ಹೆಜ್ಜೆ ಹೋದರೆ ಹನಿ ಮುಖಕ್ಕೆ ತಾಗುತ್ತದೆ. ಜಲಪಾತದ ಆಸೆ ಇಲ್ಲಿ ತೀರಿತು.

ಸಂಜೆ ಹಿರೇಕೊಳಲೆ ಕೆರೆ, ಊರಿನಿಂದ ಹತ್ತು ಕಿಲೋಮೀಟರ್. ಕೆರೆ ಏರಿ ಸಪಾಟು, ಎದುರಿಗೆ ಗಿರಿಯ ಸಾಲು ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತದೆ. ಗಾಲಿಕುರ್ಚಿಯವರಿಗೂ ಈ ಜಿಲ್ಲೆಯಲ್ಲಿ ಮೊದಲು ಹೇಳಬಹುದಾದ ಜಾಗ ಇದು. ಹತ್ತಿರದಲ್ಲಿ ಶೌಚಾಲಯಕ್ಕೆ ಭರವಸೆ ಇಡದೆ ಊರಲ್ಲೇ ಮುಗಿಸಿ ಹೊರಡಬೇಕು. ಮಡಚುವ ಕಮೋಡ್ ಸ್ಟೂಲ್ ಒಂದು ಕಾರಿನ ಡಿಕ್ಕಿಯಲ್ಲಿದ್ದರೆ ನೆಲದ ಶೌಚಾಲಯವೂ ಉಪಯೋಗಕ್ಕೆ ಬರುತ್ತದೆ. ಅದರ ನಾಲ್ಕು ಕಾಲಿಗೂ ರಬ್ಬರು ಇದೆಯೇ ನೋಡಿ ಕೊಳ್ಳಬೇಕು, ಒದ್ದೆ ಟೈಲ್ಸಿನ ಮೇಲೆ ಬರಿಯ ಕೊಳವೆ ಜಾರುತ್ತದೆ.

ಆರನೇ ದಿನ: ಬೇಲೂರು, ಹಾಸನ

ಗುಡ್ಡ ಇಳಿದು ಬೇಲೂರು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯ ಅಂಗಳ ವಿಶಾಲ ಕಲ್ಲುಹಾಸು, ನಡುವೆ ಜಗತಿ. ಜಗತಿಯ ಮೆಟ್ಟಿಲಿಗೆ ಕಂಬಿಯಿಲ್ಲ. ಎರಡೂ ಬದಿಯ ಪುಟ್ಟ ಗುಡಿಗಳ ಅಂಚೇ ಆಸರೆ. ಕಾಲಿಗಿಂತ ಕೈಗೆ ಬಲ ಹೆಚ್ಚಿರುವವರು ಆ ಅಂಚು ಹಿಡಿದು ಪಕ್ಕಕ್ಕೆ ತಿರುಗಿ, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಡುತ್ತಾ ಹತ್ತಬಹುದು. ಇಳಿಯುವಾಗ ಮುಖ ಮೆಟ್ಟಿಲ ಕಡೆಗೇ ಮಾಡಿ ಹಿಂದಕ್ಕೆ ಇಳಿಯುವುದು ಇನ್ನೂ ಭದ್ರ. ಒಬ್ಬ ಮಾರ್ಗದರ್ಶಿ ಬಂದು ಕೈ ಕೊಡಲೇ ಎಂದರು. ಕೈ ಹಿಡಿದು ಎಳೆಯುವವರಿಗಿಂತ ತಮ್ಮ ಮುಂಗೈ ಚಾಚಿ ಅಲ್ಲಾಡದೆ ನಿಲ್ಲುವವರು ಹೆಚ್ಚು ಉಪಕಾರಿ. ಹಾಗೆ ಹೇಳಿದ ಕೂಡಲೇ ಅವರು ಹಾಗೆಯೇ ನಿಂತರು. ಜಗತಿ ಹತ್ತಿದ ಮೇಲೆ ನಡಿಗೆಯೆಲ್ಲ ಒಂದೇ ಮಟ್ಟದಲ್ಲಿ. ಆನೆಗಳ ಸಾಲು ಸೊಂಟದ ಕೆಳಗೆ, ಮದನಿಕೆಯರು ತಲೆಯ ಮೇಲೆ. ಮದನಿಕೆಯರನ್ನು ನೋಡಲು ಕತ್ತೆತ್ತಿ ನಡೆಯುವುದು ಅಪಾಯ. ನಿಂತು, ಕೋಲು ಊರಿ, ಆಮೇಲೆ ಕತ್ತೆತ್ತಬೇಕು. ಒಂದು ಸಣ್ಣ ದುರ್ಬೀನು ಇದ್ದರೆ ಅಂಗಳದಿಂದಲೇ ಅವರ ಬಳೆ, ಕನ್ನಡಿ ಎಲ್ಲ ಸ್ಪಷ್ಟ.

ಹಳೇಬೀಡು ಹದಿನಾರು ಕಿಲೋಮೀಟರ್. ಹೊಯ್ಸಳೇಶ್ವರನ ಸುತ್ತ ಹುಲ್ಲುಹಾಸು, ಅಲ್ಲೂ ಜಗತಿ. ಒಂದೇ ದಿನ ಎರಡೂ ಜಗತಿ ಹತ್ತಿದರೆ ಮರುದಿನ ಕಾಲು ಏಳದು. ಬೇಲೂರನ್ನು ಮೇಲಿನಿಂದ, ಹಳೇಬೀಡನ್ನು ಕೆಳಗಿನಿಂದ ನೋಡುವುದೆಂದು ಮೊದಲೇ ನಿರ್ಧಾರವಾಗಿತ್ತು.

ಹಾಸನಕ್ಕೆ ಮಧ್ಯಾಹ್ನ ಬಂದು ಬೆಂಗಳೂರಿನ ರೈಲು. ಹೊರಡುವ ಮೊದಲು ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಕೇಳಿಕೊಳ್ಳಬೇಕು, ಮೇಲ್ಸೇತುವೆ ಹತ್ತಬೇಕಾಗಿ ಬಂದರೆ ಅದಕ್ಕೆ ಇಪ್ಪತ್ತು ನಿಮಿಷ ಹೆಚ್ಚಿಗೆ ಇಟ್ಟುಕೊಳ್ಳಬೇಕು. ರೈಲ್ವೆಯ ಅಂಗವಿಕಲರ ರಿಯಾಯಿತಿ ಕಾರ್ಡಿನಲ್ಲಿ ಜೊತೆಗಾರರಿಲ್ಲದೆ ಪ್ರಯಾಣಿಸಲಾಗದವರು ಎಂಬ ಒಕ್ಕಣೆ ಇದ್ದರೆ, ಒಂಟಿಯಾಗಿ ಹೋದಾಗ ರಿಯಾಯಿತಿ ಸಲ್ಲುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಟಿಕೆಟ್ ಪರೀಕ್ಷಕರಿಗೆ ತೋರಿಸಲು ಕಾರ್ಡಿನ ಮೂಲಪ್ರತಿ ಜೊತೆಗಿರಬೇಕು.